ಬಲಸೀಟಿನ ಅರವತ್ತನಾಲ್ಕು ಕಿಲೋ

ಕ್ಯಾಪ್ಟನ್ನರಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕುವ ಪೈಲಟ್ ಆ ಸಮುದ್ರದ ಈಚೆ ದಡದಲ್ಲೂ ಇರಲಿಲ್ಲ, ಆಚೆ ದಡದಲ್ಲೂ ಇರಲಿಲ್ಲ. ಗಾಳಿ ಕಿವಿಗೆ ಸೋಕಿದರೆ ಸಾಕು, ಅದರ ವೇಗ ಹೇಳಿಬಿಡುತ್ತಿದ್ದರು. ಮೋಡಗಳು ಅವರನ್ನು ಕಂಡರೆ ಎದ್ದು ನಿಂತು ದಾರಿ ಬಿಡುತ್ತಿದ್ದವು. ಅಂಥವರು ಹತ್ತೊಂಬತ್ತು ದಿನಗಳಿಂದ ದಿನಕ್ಕೊಂದು ತೂಕದ ಲೆಕ್ಕದ ಹಾಳೆ ಬರೆದು, ಅದರ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಒಂಟಿ ಎಂಜಿನ್ನಿನ ಪುಟ್ಟ ವಿಮಾನ. ದ್ವೀಪ ಮುಟ್ಟಲು ಹನ್ನೊಂದು ಗಂಟೆ. ನಡುವೆ ಇಳಿಯಲು ಒಂದು ಬಂಡೆಯೂ ಇಲ್ಲ. ಎದುರುಗಾಳಿ ಜೋರಾದರೆ ಇರಲಿ ಎಂದು ಎರಡು ಗಂಟೆಯ ಪೆಟ್ರೋಲು ಹೆಚ್ಚಿಗೆ ಬೇಕು. ಅದನ್ನು ಸೇರಿಸಿದೊಡನೆ ವಿಮಾನದ ತೂಕ ಮಿತಿ ಮೀರುತ್ತಿತ್ತು. ಮುಂದಿನ ತಿಂಗಳಿಂದ ವಿಮಾನ ಹಾರಿಸಲು ಸಹಿ ಹಾಕುವುದಿಲ್ಲವೆಂದು ಕಣ್ಣಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಈ ತಿಂಗಳು ಹಾರದಿದ್ದರೆ ಇನ್ನು ಇಲ್ಲವೇ ಇಲ್ಲ.

ಮೂವತ್ತು ವರ್ಷ ಗಂಡ ಹೆಂಡತಿ ಇಬ್ಬರೂ ಊಟದ ಮೇಜಿನ ಮೇಲೆಯೇ ಸಾವಿರ ಸಲ ಹಾರಿ ಮುಗಿಸಿದ್ದ ದಾರಿ ಅದು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ನಕ್ಷೆ ಇನ್ನೂ ಮೇಜಿನ ತುಂಬ ಹರಡಿಕೊಂಡಿತ್ತು. ಕ್ಯಾಪ್ಟನ್ನರ ಊಟ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಲ್ಲೇ ಮುಗಿಯುತ್ತಿತ್ತು.

ತೂಕ ಇಳಿಸಲು ಅವರು ಮಾಡದ ಕಸರತ್ತಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದರು. ಬೂಟಿನ ಲೇಸು ಬಿಚ್ಚಿದರು. ಮೀಸೆ ಬೋಳಿಸಿದರು, ಆ ಮೀಸೆಯೊಂದೇ ಅರ್ಧ ಕಿಲೋ ತೂಗುತ್ತಿತ್ತೆಂದು ಊರೆಲ್ಲ ಸುದ್ದಿ. ಕಡೆಗೆ ಆ ಮಧ್ಯಾಹ್ನ ವಿಮಾನದ ಶೆಡ್ಡಿಗೆ ಬಂದು, ತಮ್ಮ ಎಡಸೀಟಿನಲ್ಲಿ ಕೂತು, ಗಾಳಿ ತುಂಬುವ ಜೀವರಕ್ಷಕ ದೋಣಿಯನ್ನೇ ಬಿಟ್ಟುಹೋಗಲೇ ಎಂದು ಯೋಚಿಸತೊಡಗಿದರು.

ಶೆಡ್ಡಿನ ಮೆಕ್ಯಾನಿಕ್ ಬೇರಾರೂ ಅಲ್ಲ, ಕ್ಯಾಪ್ಟನ್ನರ ಹೆಂಡತಿಯ ತಮ್ಮ. ಬಾಗಿಲಲ್ಲಿ ತಲೆ ತೂರಿಸಿದ.

"ಭಾವ, ಮೀಸೆ ಎಲ್ಲಿ?"

"ತೂಕ ಇಳಿಸ್ದೆ ಕಣೋ."

"ಹೊಟ್ಟೆ ಕಣ್ಣಿಗೆ ಬೀಳ್ಲಿಲ್ವಾ? ಕೊಡಿ ಇಲ್ಲಿ ಆ ಹಾಳೆ."

ಗ್ರೀಸು ಮೆತ್ತಿದ ಹೆಬ್ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಒಂದು ಕಡೆ ನಿಂತಿತು.

"ಬಲಸೀಟು, ಅರವತ್ತನಾಲ್ಕು ಕಿಲೋ. ಯಾರನ್ನ ಕರ್ಕೊಂಡು ಹೋಗ್ತಿದೀರಾ?"

"ಯಾರನ್ನೂ ಇಲ್ಲ."

"ಮತ್ತೆ ಇದು?"

ಕ್ಯಾಪ್ಟನ್ ನೋಡಿದರು. ಅವರದೇ ಕೈಬರಹ. ಹತ್ತೊಂಬತ್ತು ದಿನಗಳ ಹತ್ತೊಂಬತ್ತು ಹಾಳೆಯಲ್ಲೂ ಅದೇ ಸಾಲು, ಅದೇ ಅಂಕಿ. ಮೂವತ್ತು ವರ್ಷ ಪ್ರತಿ ಹಾರಾಟಕ್ಕೂ ಮುಂಚೆ ಬರೆದ ಕೈ; ಯಾರನ್ನೂ ಕೇಳದೆ ಬರೆದಿತ್ತು.

"ಅಕ್ಕ ಐವತ್ತೆಂಟು ಅಂತಿದ್ಲಲ್ಲ ಭಾವ?"

"ಅದು ಅವಳು ಹೇಳ್ತಿದ್ದಿದ್ದು. ನಾನು ನಿಜ ಬರೀತಿದ್ದೆ. ಕೈ ಅಡ್ಡ ಇಟ್ಕೊಂಡು."

ಇಬ್ಬರೂ ನಕ್ಕ ನಗುವಿಗೆ ಶೆಡ್ಡಿನ ತಗಡು ಹಾರಿಹೋಗಬೇಕಿತ್ತು. ಆಮೇಲೆ ಯಾರೂ ನಗಲಿಲ್ಲ.

ಮೆಕ್ಯಾನಿಕ್ ಬೆರಳು ಮಡಚಿ ಲೆಕ್ಕ ಹಾಕಿದ. "ಅರವತ್ತನಾಲ್ಕು ಕಿಲೋ ಅಂದ್ರೆ ಹತ್ತಿರ ಹತ್ತಿರ ತೊಂಬತ್ತು ಲೀಟರ್. ಎರಡೂವರೆ ಗಂಟೆ ಭಾವ. ನೀವು ಹುಡುಕ್ತಿದ್ದಿದ್ದು ಸಿಕ್ತು. ಸೀಟು ಬಿಚ್ಚಿ ಆ ಜಾಗಕ್ಕೆ ಟ್ಯಾಂಕ್ ಕೂರಿಸ್ತೀನಿ. ನೀವು ಇಲ್ಲಿ ಸೊನ್ನೆ ಹಾಕಿ."

"ಹಾಕ್ತೀನಿ. ಮೊದ್ಲು ನೀನು ಬಿಚ್ಚು."

ನಾಲ್ಕು ಬೋಲ್ಟು. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಭೂಮಿಯ ಆಚೆ ಬದಿಗೆ ಕಚ್ಚಿಕೊಂಡಂತೆ ಜಪ್ಪಯ್ಯ ಅನ್ನಲಿಲ್ಲ. ಕ್ಯಾಪ್ಟನ್ ಅವಸರ ಮಾಡಲಿಲ್ಲ. ಕೊನೆಗೆ ಸೀಟು ಹೊರಗೆ ಹೋಯಿತು. ಮೆಕ್ಯಾನಿಕ್ ಅದನ್ನು ಗೋಡೆಗೆ ಒರಗಿಸಿ, ಅಂಗಿಯ ತೋಳಿನಿಂದ ಧೂಳು ಒರೆಸಿ, ಟ್ಯಾಂಕ್ ತರಲು ಹೋದ.

ವಿಮಾನದಲ್ಲಿ ಕ್ಯಾಪ್ಟನ್ ಒಬ್ಬರೇ. ಪಕ್ಕದಲ್ಲಿ ಬರಿಯ ನೆಲ, ನಾಲ್ಕು ತೂತು. ಹನ್ನೊಂದು ಗಂಟೆಯ ಸಮುದ್ರಕ್ಕೆ ಹೆದರದ ಮನುಷ್ಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಅರವತ್ತನಾಲ್ಕನ್ನು ಹೊಡೆದುಹಾಕಿದರು. ಆಮೇಲೆ, ಬಲಗಡೆಯಿಂದ ಕಾಣದ ಹಾಗೆ ಎಡ ಅಂಗೈ ಅಡ್ಡ ಹಿಡಿದು, ಸೊನ್ನೆ ಬರೆದರು.