ಬಳೆಯ ನಡುವಿನ ಕತ್ತಲು

ಅಡುಗೆಮನೆಯಲ್ಲಿ ಕೂತು ಹನ್ನೊಂದು ಜೊತೆ ಕಾಲುಚೀಲ ಮಡಚಿ, ಉಳಿದ ಒಂಟಿ ಚೀಲದ ಜೊತೆಯನ್ನು ಬುಟ್ಟಿಯಲ್ಲಿ ಹುಡುಕುತ್ತಿದ್ದಾಗ ಹಜಾರದಿಂದ ಅತ್ತೆ ತಮ್ಮ ಕನ್ನಡಕ ಎಲ್ಲಿ ಎಂದು ಕೇಳಿದರು. ಫ್ರಿಜ್ಜಿನ ಮೇಲೆ ಎಂದಳು ಅವಳು, ತಲೆಯೆತ್ತದೆ. ಕಟ್ಟೆಯ ಮೇಲೆ ಗಂಡ ಇಟ್ಟಿದ್ದ ದಿಕ್ಸೂಚಿಯ ಮುಳ್ಳು ನೆಟ್ಟಗೆ ಅವಳನ್ನೇ ತೋರಿಸುತ್ತಿತ್ತು.

ಗಂಡ ಸರ್ವೆಯರ್. ಹೋದ ತಿಂಗಳು ಮುಳ್ಳು ಮೊದಲ ಸಲ ಹೀಗೆ ತಿರುಗಿದಾಗ, ಇಸ್ತ್ರಿಪೆಟ್ಟಿಗೆಯ ಪಕ್ಕ ಇಟ್ಟು ಕೆಡಿಸಿದ್ದೀಯ ಎಂದು ಅವಳ ಮೇಲೆ ರೇಗಿದ್ದ. ಕಚೇರಿಯಿಂದ ಇನ್ನೆರಡು ತಂದ. ಮೂರೂ ಅವಳತ್ತಲೇ ತಿರುಗಿದವು. ಅವಳು ಬಚ್ಚಲಿಗೆ ಹೋದರೆ ಬಚ್ಚಲಿನತ್ತ. ಆ ವಾರ ಅವನು ನಿವೇಶನವೊಂದನ್ನು ಅಳೆಯುತ್ತಿದ್ದಾಗ ಅವಳು ಸೋಪು ತರಲು ಅಂಗಡಿಗೆ ಹೋಗಿ ಬಂದಳು. ಅಷ್ಟರಲ್ಲಿ ನಕ್ಷೆಯ ಮೇಲೆ ಒಬ್ಬರ ಕಾಂಪೌಂಡು ಪಕ್ಕದವರ ಬಾವಿಯನ್ನು ದಾಟಿಬಿಟ್ಟಿತ್ತು.

ಆಮೇಲೆ ಬೆಳಕು ಬಂತು. ಸಂಜೆ ಪರದೆ ಎಳೆದರೆ ಸಾಕು, ಹಜಾರದ ತುಂಬ ಹಸಿರು ಸೆರಗು ಬೀಸಾಡಿದ ಹಾಗೆ ಅಂತೆ. ಮೇಲಿನ ಮಹಡಿಯವರಿಗೆ ಕೆಂಪು. ನಮಗೆ ಮಾತ್ರ ಯಾಕೆ ಹಸಿರು ಎಂದು ಅತ್ತೆ ಮುಖ ಊದಿಸಿಕೊಂಡರು. 'ಅಂತೆ' ಎಂದದ್ದು ಸುಮ್ಮನಲ್ಲ. ಅವಳೊಬ್ಬಳೇ ಅದನ್ನು ನೋಡಿರಲಿಲ್ಲ. ಅವಳು ಹಜಾರಕ್ಕೆ ಕಾಲಿಟ್ಟರೆ ಹಜಾರ ಕತ್ತಲಾಗಿ, ಬೆಳಕು ಅಡುಗೆಮನೆಗೂ ಬೀದಿಗೂ ಸರಿಯುತ್ತಿತ್ತು. "ನೀನು ಒಳಗೇ ಇರಮ್ಮ, ನೋಡು, ಓಡಿಹೋಯ್ತು" ಎಂದು ಅತ್ತೆ ಗೊಣಗುತ್ತಿದ್ದರು. ಒಂದು ಸಲ ಅವಳಿಗಾಗಿ ಮೊಬೈಲಿನಲ್ಲಿ ಫೋಟೋ ತೆಗೆದರು. ಅದರಲ್ಲಿ ಅವರ ಹೆಬ್ಬೆರಳು ಮಾತ್ರ ಬಂದಿತ್ತು.

ಇವತ್ತು ಭೂಮಿಯ ಕಾಂತಕ್ಷೇತ್ರ ಅಳೆಯುವ ಇಲಾಖೆಯ ವಿಜ್ಞಾನಿ ಬಂದರು. ಟೇಪಿಗಾಗಿ ಜೇಬೆಲ್ಲ ತಡಕಿ, ಸಿಗದೆ, ಅವಳ ಸುತ್ತ ಹೆಜ್ಜೆಯಲ್ಲೇ ಅಳೆದರು. ಬುಟ್ಟಿಯ ಮುಂದೆ ಕೂತಿದ್ದವಳನ್ನು ಏಳಬೇಡಿ ಎಂದು ತಡೆದು, ನಿಂತೇ ವಿವರಿಸಿದರು. ಸೂರ್ಯ ವಿದ್ಯುತ್ ತುಂಬಿದ ಕಣಗಳನ್ನು ಸದಾ ಎಸೆಯುತ್ತಿರುತ್ತಾನೆ. ಭೂಮಿಯ ಕಾಂತಕ್ಷೇತ್ರ ಅವನ್ನು ಹಿಡಿದು ಧ್ರುವಗಳ ಕಡೆ ಜಾರಿಸುತ್ತದೆ. ಅವು ಗಾಳಿಗೆ ಬಡಿದಾಗ ಆಮ್ಲಜನಕ ಹಸಿರಾಗಿ ಹೊಳೆಯುತ್ತದೆ. ಇನ್ನೂ ಮೇಲೆ, ಗಾಳಿ ತೆಳುವಾದಲ್ಲಿ, ಕೆಂಪು. ಸಾರಜನಕವಾದರೆ ನೀಲಿ, ನೇರಳೆ. ಅದೇ ಧ್ರುವಪ್ರಭೆ. ಸಾವಿರಾರು ಕಿಲೋಮೀಟರಿನಲ್ಲಿ ಆಗಬೇಕಾದ್ದು ಇಲ್ಲಿ ಹತ್ತಡಿಯಲ್ಲಿ ಆಗುತ್ತಿದೆ, ಅಷ್ಟೇ ವ್ಯತ್ಯಾಸ ಎಂದು ಸಮಾಧಾನ ಹೇಳಿದರು.

"ನಂಗ್ಯಾಕೆ ಕಾಣ್ಸಲ್ಲ ಸರ್?" ಎಂದಳು ಅವಳು.

"ಅದು ಬಳೆ ಥರ ಇರುತ್ತಮ್ಮ. ಧ್ರುವದ ಸುತ್ತ ಬೆಳಕು, ನಡುವೆ ಬರೀ ಕತ್ತಲು. ಇಲ್ಲಿ ಧ್ರುವ ನೀವೇ, ನಡುವೆ ಇದ್ದೀರಿ."

"ಹಾಗಾದ್ರೆ ಯಾವತ್ತೂ ಇಲ್ವಾ?"

"ಧ್ರುವ ಒಂದೇ ಕಡೆ ನಿಲ್ಲಲ್ಲ, ಸರಿಯುತ್ತೆ. ಭೂಮಿಯೊಳಗೆ ಕರಗಿದ ಕಬ್ಬಿಣ ಕದಡ್ತಾ ಇರುತ್ತಲ್ಲ, ಅದಕ್ಕೆ. ನಿಮ್ಮೊಳಗೆ ಏನಿದೆಯೋ, ನಮ್ಮ ಇಲಾಖೆಗೆ ಗೊತ್ತಿಲ್ಲ."

ಅದು ಗೊತ್ತಾಗುವವರೆಗೆ ಅಲ್ಲಾಡಬೇಡಿ ಎಂದು ಹೇಳಿ, ಅವಳ ಸುತ್ತ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಎದ್ದು ಒಗ್ಗರಣೆ ಹಾಕುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ಎಲ್ಲರ ಹಾಗೆ ಅವಳತ್ತಲೇ ತಿರುಗಿದರು. "ಅಮ್ಮಾ, ನನ್ನ ಟೇಪು ನೋಡಿದ್ರಾ?"

ಅವಳು ನೋಡಿರಲಿಲ್ಲ. "ಗೊತ್ತಿಲ್ಲ" ಎಂದಳು. ಆ ಮನೆಯಲ್ಲಿ ಆ ಮಾತನ್ನು ಕೊನೆಯ ಸಲ ಯಾವಾಗ ಆಡಿದ್ದಳೋ ನೆನಪಿಲ್ಲ.

ಮುಳ್ಳು ನಡುಗಿ, ಬೆರಳಿನಷ್ಟು ಅತ್ತೆಯ ಕಡೆ ವಾಲಿತು. ಅಡುಗೆಮನೆಯ ಬಾಗಿಲ ಅಂಚಿನಲ್ಲಿ ಏನೋ ಹಸಿರು ಇಣುಕಿತು. ನಲ್ಲಿಯ ತುದಿಯ ಹನಿಯೊಂದು ಹಸಿರಾಗಿ ಹೊಳೆಯಿತು. ಅವಳು ಉಸಿರು ಹಿಡಿದಳು. ಅಷ್ಟರಲ್ಲಿ ಹಜಾರದಿಂದ ಗಂಡ ಸ್ಕೂಟರಿನ ಕೀ ಕೇಳಿದ. "ನಿಮ್ಮ ನೀಲಿ ಷರ್ಟಿನ ಜೇಬಲ್ಲಿ ರೀ" ಎಂದುಬಿಟ್ಟಿತು ಬಾಯಿ. ಹನಿ ಮತ್ತೆ ಬರೀ ನೀರಾಯಿತು.

ಮುಳ್ಳು ಅವಳತ್ತ ಮರಳಿತ್ತು. ಅದನ್ನು ತುಸು ಹೊತ್ತು ನೋಡಿದಳು. ಅತ್ತೆಯ ಮಾತ್ರೆ ಎರಡನೆಯ ಡ್ರಾಯರಿನಲ್ಲಿದೆ. ಬ್ಯಾಂಕಿನ ಪಾಸ್‌ಬುಕ್ ದಿಂಬಿನ ಕೆಳಗೆ. ಉಗುರು ಕತ್ತರಿ, ಬೀಗದ ಎರಡನೆಯ ಕೀ, ಗಂಡನ ಬೆಲ್ಟು, ಎಲ್ಲವೂ ಎಲ್ಲೆಲ್ಲಿವೆಯೆಂದು ಕಣ್ಣುಮುಚ್ಚಿ ಹೇಳಬಲ್ಲಳು.

ಇನ್ನು ಮೇಲೆ ಹೇಳುವುದಿಲ್ಲ, ಮಾತ್ರೆಯೊಂದು ಬಿಟ್ಟು.

ಬುಟ್ಟಿಯ ತಳದಲ್ಲಿ ಒಂಟಿ ಚೀಲದ ಜೊತೆ ಸಿಕ್ಕಿತು. ಅದನ್ನು ಎತ್ತಿ ನೋಡಿ, ಇದ್ದಲ್ಲಿಯೇ ಬಿಟ್ಟಳು. ಬೆಳಗ್ಗೆ ಗಂಡ ಕೇಳುತ್ತಾನೆ. ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು.