ಧೂಳು ಓಡುವುದಿಲ್ಲ

"ಖಾಲಿ ಅಂತ ಕಾಣುವ ಆ ಜಾಗದಲ್ಲಿ ಅನಿಲ ಉಂಟು, ಧೂಳುಂಟು," ಎನ್ನುತ್ತಿದ್ದಾಗಲೇ ಮೋಹಿನಿಯ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಡಿಯಿತು. ತಲೆಯ ಮೇಲೆ ಗುಮ್ಮಟದ ತುಂಬ ಕೆಂಪು ಮೋಡದ ಚಿತ್ರ ಹರಡಿತ್ತು. ಎಲ್ಲೂರಿನ ಶಾಲೆಯ ಮಕ್ಕಳು ಕುರ್ಚಿಗೆ ಒರಗಿ, ಬಾಯಿ ತೆರೆದು ನೋಡುತ್ತಿದ್ದರು. ಮಣಿಪಾಲದ ಈ ಸಣ್ಣ ತಾರಾಲಯದಲ್ಲಿ ಅವಳು ಒಬ್ಬಳೇ ನಿಂತು ವಿವರಿಸುತ್ತಿದ್ದ ಮೊದಲ ಪ್ರದರ್ಶನ ಅದು.

"ಅವೆಲ್ಲ ತಮ್ಮದೇ ಭಾರಕ್ಕೆ ಹತ್ತಿರ ಹತ್ತಿರ ಬರುತ್ತವೆ. ಒತ್ತಿ ಒತ್ತಿ ನಡುಭಾಗ ಕಾಯುತ್ತದೆ. ಕೊನೆಗೊಮ್ಮೆ ನಕ್ಷತ್ರ ಹೊತ್ತಿಕೊಳ್ಳುತ್ತದೆ."

ಯಂತ್ರ ನಡೆಸುವ ಟ್ರೆವರ್ ಕತ್ತಲಲ್ಲಿ ಬಗ್ಗಿಕೊಂಡೇ ಬಂದ. ಅವಳ ಮೈಕನ್ನು ಅಂಗೈಯಿಂದ ಮುಚ್ಚಿ, "ಮೇಡಂ, ಮೇಜಿನಡಿ ವಯರ್ ಹೊತ್ತಿಕೊಂಡಿದೆ. ಲೈಟ್ ಹಾಕ್ಲಾ?" ಎಂದ.

"ಆಚೆ ಬಾಗಿಲು?"

"ಬೀಗ ಉಂಟು. ಕೀ ಆಫೀಸಲ್ಲಿ."

ಉಳಿದದ್ದು ಹಿಂದಿನ ಬಾಗಿಲೊಂದೇ. ಇಬ್ಬರು ಒಟ್ಟಿಗೆ ದಾಟಲಾಗದಷ್ಟು ಕಿರಿದು. ಗುಮ್ಮಟದ ಅಂಚಿನಲ್ಲಿ ಹೊಗೆ ಆಗಲೇ ಚಿತ್ರದ ಮೋಡದೊಂದಿಗೆ ಬೆರೆಯುತ್ತಿತ್ತು. ದೀಪ ಹಾಕಿದರೆ ಅದು ಮಕ್ಕಳಿಗೆ ಕಾಣುತ್ತದೆ. ಕಂಡರೆ ಎಲ್ಲರೂ ಒಮ್ಮೆಗೇ ಆ ಬಾಗಿಲಿಗೆ ನುಗ್ಗುತ್ತಾರೆ.

"ಲೈಟ್ ಬೇಡ. ಆ ವಯರಿನ ಕರೆಂಟ್ ತೆಗೆದು ಬೆಂಕಿ ಆರಿಸಿ. ಚಿತ್ರ ಇರಲಿ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ತನ್ನ ಲೆಕ್ಕ ತಪ್ಪಿದರೆ?

ಕೊನೆಯ ಸಾಲಿನಲ್ಲಿ, ಮಕ್ಕಳನ್ನು ಕರೆತಂದಿದ್ದ ಶೇಖರ ಮಾಸ್ಟ್ರು ಮೂಗರಳಿಸುತ್ತ ಎದ್ದು ನಿಂತಿದ್ದರು. ಅವಳು ಮೈಕನ್ನು ಮುಚ್ಚಿಕೊಂಡೇ ಹೋಗಿ, ಅವರ ಮುಂಗೈ ಹಿಡಿದು ಪಿಸುಗುಟ್ಟಿದಳು. "ಮಾಸ್ಟ್ರೇ, ಬೆಂಕಿ ಅಂತ ಬಾಯಿ ಬಿಡಬೇಡಿ. ಈ ಸಾಲಿನಿಂದ ಒಬ್ಬೊಬ್ಬರನ್ನೇ ಹೊರಗೆ ಕರ್ಕೊಂಡು ಹೋಗಿ."

"ಎಂತ ಹೇಳ್ತಿದ್ದೀರಿ ನೀವು? ನನ್ನನ್ನು ನಂಬಿ ಕಳಿಸಿದ ಮಕ್ಕಳಿವು."

"ಅದಕ್ಕೇ ಹೇಳುವುದು."

ಅವರು ಒಮ್ಮೆ ಮೇಲೆ ನೋಡಿದರು. ತುಟಿ ಕಚ್ಚಿ, ಪಕ್ಕದಲ್ಲಿದ್ದ ಮಗುವಿನ ಕೈ ಹಿಡಿದರು.

"ಮಕ್ಕಳೇ," ಮೋಹಿನಿ ಮೈಕಿನಲ್ಲಿ ಹೇಳಿದಳು, "ನಕ್ಷತ್ರಕ್ಕೆ ಈಗ ವಯಸ್ಸಾಯಿತು. ಉಬ್ಬಿ ಕೆಂಪಾಯಿತು. ಮೈಯ ಧೂಳನ್ನೆಲ್ಲ ಮೆಲ್ಲ ಹೊರಗೆ ಬಿಡ್ತಾ ಉಂಟು. ಆ ಧೂಳು ನೀವೇ. ಒಬ್ಬರ ಕೈ ಒಬ್ಬರು ಹಿಡ್ಕೊಂಡು, ಬಗ್ಗಿಕೊಂಡು, ಮಾಸ್ಟ್ರ ಹಿಂದೆ ಹೋಗಬೇಕು. ಓಡಲಿಕ್ಕಿಲ್ಲ. ಧೂಳು ಓಡುವುದಿಲ್ಲ."

ಮಕ್ಕಳು ಕಿಸಕ್ಕೆಂದರು. ಸಾಲು ಕದಲಿತು. ಮೇಜಿನ ಕಡೆಯಿಂದ ಬೆಂಕಿ ಆರಿಸುವ ಸಿಲಿಂಡರು ಬುಸುಗುಟ್ಟಿತು.

"ಅದೆಂತ ಸದ್ದು ಟೀಚರ್?"

"ನಕ್ಷತ್ರದಿಂದ ಹೊರಡುವ ಗಾಳಿ." ಗಂಟಲು ಕೆರೆಯುತ್ತಿದ್ದರೂ ಅವಳು ಕೆಮ್ಮನ್ನು ನುಂಗಿಕೊಂಡಳು.

ಸಾಲುಗಳು ಒಂದೊಂದಾಗಿ ಖಾಲಿಯಾದವು. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಮೋಕ್ಷಾ ಎಂಬ ಹುಡುಗಿ ಮಾತ್ರ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕುಳಿತೇ ಇದ್ದಳು. ಹೊಗೆ ಈಗ ತಲೆಯ ಮಟ್ಟಕ್ಕೆ ಇಳಿದಿತ್ತು. ಮೋಹಿನಿ ಅವಳೆದುರು ಕುಕ್ಕರಗಾಲಲ್ಲಿ ಕುಳಿತಳು.

"ಅದು ಗಾಳಿ ಅಲ್ಲ ಅಲ್ವಾ ಟೀಚರ್? ಬೆಂಕಿ."

"ಹೌದು."

"ನಾನು ಯಾರಿಗೂ ಹೇಳಲಿಲ್ಲ."

ಮೋಹಿನಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳನ್ನು ಎತ್ತಿಕೊಂಡು ಬಾಗಿಲಿನತ್ತ ನಡೆದಳು. ಓಡಬೇಕೆನ್ನುತ್ತಿದ್ದ ಕಾಲುಗಳನ್ನು ಹಲ್ಲು ಕಚ್ಚಿ ತಡೆದಳು. ಮುಂದೆ ಇನ್ನೂ ಮಕ್ಕಳಿದ್ದರು. ಹುಡುಗಿ ಅವಳ ಹೆಗಲಲ್ಲಿ ಮುಖ ಹುದುಗಿಸಿ ಕೇಳಿದಳು, "ಧೂಳಿನದ್ದೂ ಸುಳ್ಳಾ?"

"ಅದು ನಿಜ. ಸತ್ತ ನಕ್ಷತ್ರದ ಧೂಳು ಬೇರೆ ಮೋಡಕ್ಕೆ ಸೇರ್ತದೆ. ಅಲ್ಲಿ ಇನ್ನೊಂದು ಹುಟ್ತದೆ."

"ದೇವರಾಣೆ?"

"ದೇವರಾಣೆ."

ಹೊರಗೆ ಬಿಸಿಲು ಕಣ್ಣು ಕುಕ್ಕಿತು. ಶೇಖರ ಮಾಸ್ಟ್ರು ಮಕ್ಕಳನ್ನು ಎಣಿಸಿದರು, ನಂಬದೆ ಮತ್ತೊಮ್ಮೆ ಎಣಿಸಿದರು. ಮೈಯೆಲ್ಲ ಬಿಳಿ ಪುಡಿಯಾಗಿದ್ದ ಟ್ರೆವರ್ ಬಾಗಿಲಲ್ಲಿ ಕಾಣಿಸಿಕೊಂಡು, "ಆರಿತು," ಎಂದಷ್ಟೇ ಹೇಳಿ ಗೋಡೆಗೆ ಒರಗಿದ. ಪ್ರದರ್ಶನ ಇಷ್ಟು ಬೇಗ ಮುಗಿಯಿತಾ ಎಂದು ಯಾವುದೋ ಮಗು ರಾಗ ಎಳೆಯುತ್ತಿತ್ತು.

ಮೋಹಿನಿ ಮೆಟ್ಟಿಲ ಮೇಲೆ ಕುಳಿತಳು. ಯಾರೋ ಕೊಟ್ಟ ನೀರಿನ ಬಾಟ್ಲಿಯ ಮುಚ್ಚಳ ಎಷ್ಟು ತಿರುಗಿಸಿದರೂ ಅವಳಿಂದ ಬಿಚ್ಚಲಾಗಲಿಲ್ಲ.

"ಕೊಡಿ," ಎಂದಳು ಮೋಕ್ಷಾ. ಬಾಟ್ಲಿಯನ್ನು ಹೊಟ್ಟೆಗೆ ಒತ್ತಿಕೊಂಡು ಮುಚ್ಚಳ ಬಿಡಿಸಿ, ನೀರು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಅವಳ ಬಾಯಿಯ ಹತ್ತಿರ ತಂದಳು.