ಗಾಳಿಗೆ ಹಿಡಿಯುವ ಹೊತ್ತು

ಏಳನೇ ಕ್ಲಾಸಿನ ಹೊತ್ತಿಗೆ ಅವನಿಗೆ ಶಾಲೆ ಸಾಕಾಗಿತ್ತೋ, ಶಾಲೆಗೆ ಅವನು ಸಾಕಾಗಿದ್ದನೋ, ಹೇಳುವುದು ಕಷ್ಟ. ಪ್ರಯೋಗಾಲಯಕ್ಕೆ ಸೀಸೆ ತೊಳೆಯಲು ಸೇರಿದವನು ಹದಿನಾಲ್ಕು ವರ್ಷ ಕಳೆದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದ ಮುಂದಿನ ಕುರ್ಚಿಗೆ ಬಂದಿದ್ದ. ಒಂದು ತೊಟ್ಟಿನ ಐವತ್ತನೇ ಪಾಲು ದ್ರವವನ್ನು ಸೂಜಿಯಿಂದ ಯಂತ್ರಕ್ಕೆ ಚುಚ್ಚುವುದರಲ್ಲಿ ಅವನ ಕೈಗೆ ಸಾಟಿ ಇರಲಿಲ್ಲ. ಹಾಗಾಗಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಸೂಜಿ ಎಂದು.

ಚುಚ್ಚಿದ ದ್ರವ ಆವಿಯಾಗಿ, ಹೀಲಿಯಂ ಅನಿಲದ ಬೆನ್ನೇರಿ ಒಲೆಯೊಳಗಿನ ಸುರುಳಿ ಕೊಳವೆಯಲ್ಲಿ ಹೊರಡುತ್ತದೆ. ಕೊಳವೆಯೊಳಗಿನ ಲೇಪಕ್ಕೆ ಅಂಟಿ, ಬಿಟ್ಟು, ಮತ್ತೆ ಅಂಟಿ, ಕೊನೆಗೆ ಆಚೆ ತುದಿಗೆ ಬಂದಾಗ ಕಾಗದದ ಮೇಲೊಂದು ಗುಡ್ಡ ಮೂಡುತ್ತದೆ. ಒಲೆ ಬಿಸಿಯಾದಷ್ಟೂ ಬೇಗ. ನಾಲ್ಕೈದು ಉಷ್ಣತೆಗಳಲ್ಲಿ ಹಿಡಿದ ಹೊತ್ತನ್ನು ಲೆಕ್ಕ ಹಾಕಿ ಚುಕ್ಕಿ ಇಟ್ಟರೆ ನೇರ ಗೆರೆ ಬರಬೇಕು. ಆ ಗೆರೆಯ ಓರೆಯಿಂದ, ದ್ರವ ಆವಿಯಾಗಲು ಎಷ್ಟು ಶಾಖ ಬೇಕೆಂದು ತಿಳಿಯುತ್ತದೆ.

ಈ ಸಲ ಗೆರೆ ಬಿಸಿಯ ತುದಿಯಲ್ಲಿ ಬಾಗಿತು. ಮೂರು ಸಲ ಮಾಡಿದರೂ ಬಾಗಿತು. ಹೋದ ವರ್ಷ ಬಂದಿದ್ದ ವಿಜ್ಞಾನಿ ಮೇಡಂ ಯಂತ್ರದ ದಿನಚರಿ ಪುಸ್ತಕದಲ್ಲಿ ‘ಚುಚ್ಚುವವನ ಕೈತಪ್ಪು, ಬೇರೆಯವರನ್ನು ಕೊಡಿ’ ಎಂದು ಬರೆದರು. ಸೋಮವಾರ ನಿರ್ದೇಶಕರು ಅದಕ್ಕೆ ಸಹಿ ಹಾಕಿದರೆ ಸೂಜಿ ಮತ್ತೆ ಸೀಸೆ ತೊಳೆಯುವ ತೊಟ್ಟಿಗೆ.

ಮನೆಯಲ್ಲಿ ಅವನು ತಟ್ಟೆ ಕುಕ್ಕಿದ್ದು ನೋಡಿ, ಹೊಲಿಗೆ ಯಂತ್ರದ ಮುಂದಿದ್ದ ಅಕ್ಕ ದಾರ ಕಚ್ಚಿ ತುಂಡು ಮಾಡುತ್ತಲೇ ಹೇಳಿದಳು, “ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ ಕಣೋ. ನೀನು ಕೂಗಾಡಿದ್ರೆ ಅವ್ರು ಬರ್ದಿದ್ದೇ ನಿಜ ಆಗುತ್ತೆ. ಅವ್ರಿಗೆ ಮಾಡಿ ತೋರ್ಸು.”

ತೋರಿಸಲು ಅವನ ಹತ್ತಿರ ಒಂದು ಸಂಗತಿ ಇತ್ತು. ಮೊದಲೆಲ್ಲ ಅವನು ದ್ರವದ ಜತೆ ಸೂಜಿಗೆ ಚೂರು ಗಾಳಿಯನ್ನೂ ಎಳೆದುಕೊಳ್ಳುತ್ತಿದ್ದ. ಗಾಳಿ ಲೇಪಕ್ಕೆ ಅಂಟುವುದಿಲ್ಲ. ಅದು ಸೀದಾ ಬಂದು ಕಾಗದದ ಮೇಲೆ ಮೊದಲೊಂದು ಪುಟ್ಟ ಗುಬುಟು ಮೂಡಿಸುತ್ತಿತ್ತು. ಆ ಹೊತ್ತು ಬರೀ ದಾರಿ ಖರ್ಚು. ಅದನ್ನು ಕಳೆದು ಉಳಿದದ್ದೇ ದ್ರವ ಅಂಟಿಕೊಂಡಿದ್ದ ಹೊತ್ತು. ಮೇಡಂಗೆ ಆ ಗುಬುಟು ಕೊಳೆಯಂತೆ ಕಂಡಿತ್ತು. ಗಾಳಿ ಬೇಡವೆಂದು ನಿಲ್ಲಿಸಿ, ಅರವತ್ತು ಡಿಗ್ರಿಯಲ್ಲಿ ಒಮ್ಮೆ ಅಳೆದ ನಲವತ್ತೆಂಟು ಸೆಕೆಂಡನ್ನೇ ಎಲ್ಲ ಉಷ್ಣತೆಗೂ ಕಳೆಯುತ್ತಿದ್ದರು. ಹಾಗೆ ಮಾಡಬೇಡಿ ಎಂದು ಅವನು ಅವತ್ತೇ ಹೇಳಿದ್ದ. ಕೇಳುವವರು ಯಾರು?

ಶನಿವಾರ ಬೆಳಗ್ಗೆ ಅವನು ಒಲೆಯನ್ನು ನೂರಿಪ್ಪತ್ತು ಡಿಗ್ರಿಗೆ ಏರಿಸಿ ಸೂಜಿ ಎತ್ತಿದಾಗ ಮೇಡಂ ಬಂದರು.

“ಏನ್ ಚುಚ್ತಿದೀರಿ? ಸೂಜಿ ಖಾಲಿ ಇದೆಯಲ್ಲ.”

“ಗಾಳಿ ಇದೆ ಮೇಡಂ.”

ಗುಬುಟು ಬಂದದ್ದು ಐವತ್ತನಾಲ್ಕನೇ ಸೆಕೆಂಡಿಗೆ. ಮೇಡಂ ಮತ್ತೆ ಮಾಡಿಸಿದರು. ಆಗಲೂ ಐವತ್ತನಾಲ್ಕೇ.

“ಬಿಸಿಯಾದ ಹಾಗೆ ಹೀಲಿಯಂ ಮಂದ ಆಗುತ್ತೆ,” ಎಂದ ಸೂಜಿ, ಹಲ್ಲು ಕಚ್ಚಿಕೊಂಡು, ಆದರೆ ಮೆಲ್ಲಗೆ. “ಒತ್ತಡ ಅಷ್ಟೇ ಇದ್ರೂ ನಿಧಾನ ಹರಿಯುತ್ತೆ. ಹೀಲಿಯಂ ಹೊರಗೆ ಬರೋ ಕಡೆ, ಹರಿವು ಅಳೆಯೋ ಗಾಜಿನ ಕೊಳವೇಲಿ ಸೋಪಿನ ಗುಳ್ಳೆ ಏರೋದನ್ನ ದಿನಾ ನೋಡ್ತೀನಿ, ಒಲೆ ಕಾದ್ರೆ ಅದೂ ನಿಧಾನ. ನಿಮ್ಮ ದ್ರವ ಈ ಬಿಸೀಲಿ ಬರೋದೇ ಎಪ್ಪತ್ತೈದನೇ ಸೆಕೆಂಡಿಗೆ. ಅದ್ರಲ್ಲಿ ಆರು ಸೆಕೆಂಡ್ ಅಂದ್ರೆ ಸಣ್ಣದಾ?”

ಮೇಡಂ ಕೂತು ಉಳಿದ ಉಷ್ಣತೆಗಳಲ್ಲೂ ಗಾಳಿ ಚುಚ್ಚಿಸಿದರು, ಆಯಾ ಹೊತ್ತನ್ನು ಕಳೆದರು. ಚುಕ್ಕಿಗಳು ಸ್ಕೇಲಿಗೆ ಒರಗಿ ನಿಂತಂತೆ ನಿಂತವು. ನಿರ್ದೇಶಕರಿಗೆ ತಾವೇ ಬಾಯಲ್ಲಿ ಹೇಳುವುದಾಗಿ ಅವರೆಂದರು.

“ಪುಸ್ತಕದಲ್ಲಿ ಬರ್ದಿದ್ದು ಬಾಯಲ್ಲಿ ಹೇಳಿದ್ರೆ ಅಳಿಯಲ್ಲ ಮೇಡಂ.”

ಅವರು ಪೆನ್ನು ತೆಗೆದು ಆ ಸಾಲಿನ ಮೇಲೆ ಗೀಟು ಎಳೆದು, ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದರು. ಸೂಜಿ ಅದನ್ನು ಎರಡು ಸಲ ಓದಿಕೊಂಡ. ಆದರೂ ಎದೆಯೊಳಗಿನ ಕೆಂಡ ಆರಲಿಲ್ಲ.

ಮೇಡಂ ಮಾತ್ರ ಎದ್ದು ಹೋಗಲಿಲ್ಲ. ಹೋದ ವರ್ಷದ ದ್ರವಗಳಿಗೂ ಅದೇ ನಲವತ್ತೆಂಟನ್ನು ಕಳೆದಿದ್ದರಂತೆ. ಅವು ತಡವಾಗಿ ಬರುವ ಜಾತಿ, ಅಷ್ಟು ಹೊತ್ತಿನಲ್ಲಿ ಆರು ಸೆಕೆಂಡಿನ ಬಾಗು ಕಣ್ಣಿಗೆ ಬಿದ್ದಿರಲಿಲ್ಲ. ಆ ಅಂಕಿಗಳು ಆಗಲೇ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿ ಹೋಗಿದ್ದವು.

ಅಂಥ ದ್ರವಗಳು ಎಷ್ಟೆಂದು ಸೂಜಿ ಕೇಳಿದ.

“ಹನ್ನೊಂದು.”

ಕೂತಿದ್ದ ಕುರ್ಚಿಯನ್ನು ಇನ್ನೂ ಮುಂದಕ್ಕೆಳೆದುಕೊಂಡು ಅವನು ಒಲೆಯನ್ನು ಅರವತ್ತಕ್ಕೆ ಇಳಿಸಿದ. “ಮೊದಲನೇ ಸೀಸೆ ಕೊಡಿ,” ಎಂದ.